ಟಿ.ವಿ.ಗೆ ಯಾವ ಕೇಬಲ್? ಬೆಲೆಗೆ ಮೊದಲು ಲೆಕ್ಕ

ನಿಮ್ಮ ಮನೆಯ ಟಿ.ವಿ.ಯ ಹಿಂಬದಿಯನ್ನು ಒಮ್ಮೆ ಗಮನಿಸಿ. ಆಂಟೆನಾ ತಂತಿಗಾಗಿ ಒಂದು ದುಂಡು ಕಿಂಡಿ ಇರುತ್ತದೆ. ಟಿ.ವಿ. ಸ್ವಲ್ಪ ಹಳೆಯದಾದರೆ ಹಳದಿ, ಕೆಂಪು, ಬಿಳಿ ಬಣ್ಣದ ಮೂರು ಕಿಂಡಿಗಳಿರುತ್ತವೆ. ಅವುಗಳ ಪಕ್ಕದಲ್ಲಿ ಚಪ್ಪಟೆಯಾದ ಎರಡೋ ಮೂರೋ ಎಚ್‌ಡಿಎಂಐ ಕಿಂಡಿಗಳು. ಪ್ರತಿಯೊಂದಕ್ಕೂ ಬೇರೆ ಬೇರೆ ಕೇಬಲ್ ಬೇಕು. ಅಂಗಡಿಗೆ ಹೋದರೆ ಒಂದೇ ಉದ್ದದ ಎರಡು ಎಚ್‌ಡಿಎಂಐ ಕೇಬಲ್‌ಗಳನ್ನು ನಿಮ್ಮ ಮುಂದಿಡುತ್ತಾರೆ. ಒಂದರ ಬೆಲೆ ಇನ್ನೊಂದರ ಹತ್ತರಷ್ಟಿರಬಹುದು. ದುಬಾರಿ ಕೇಬಲಿನ ಪೊಟ್ಟಣದ ಮೇಲೆ ‘ಚಿನ್ನದ ಲೇಪ’, ‘ಆಮ್ಲಜನಕರಹಿತ ತಾಮ್ರ’ ಎಂಬ ಬರಹಗಳಿರುತ್ತವೆ. “ಸಾರ್, ಇದನ್ನು ಹಾಕಿದರೆ ಪಿಕ್ಚರ್ ಇನ್ನೂ ಶಾರ್ಪ್ ಬರುತ್ತೆ” ಎಂಬ ಭರವಸೆಯೂ ಸಿಗುತ್ತದೆ. ಇದು ನಿಜವೇ?

ಈ ಪ್ರಶ್ನೆ ಮನೆಗೆ ಮಾತ್ರ ಸೀಮಿತವಲ್ಲ. ಇಂದು ಅನೇಕ ಶಾಲೆಗಳಲ್ಲಿ ಸ್ಮಾರ್ಟ್ ತರಗತಿಗಳಿವೆ. ಕಂಪ್ಯೂಟರ್ ಮೇಜಿನ ಮೇಲೆ, ಪ್ರೊಜೆಕ್ಟರ್ ಚಾವಣಿಯಲ್ಲಿ, ನಡುವೆ ಗೋಡೆಯೊಳಗೆ ಹುದುಗಿದ 15 ಮೀಟರ್ ಕೇಬಲ್. ತಪ್ಪು ಕೇಬಲ್ ಗೋಡೆಯೊಳಗೆ ಸೇರಿದರೆ ಅದನ್ನು ತೆಗೆಯಲು ಗಾರೆಯನ್ನೇ ಒಡೆಯಬೇಕಾಗುತ್ತದೆ. ಖರ್ಚಾಗುವುದು ಎಸ್‌ಡಿಎಂಸಿಯ ಅಥವಾ ದಾನಿಗಳ ಹಣ. ಆದ್ದರಿಂದ ಕೊಳ್ಳುವ ಮೊದಲು ಸ್ವಲ್ಪ ಲೆಕ್ಕ ಮಾಡುವುದು ಒಳ್ಳೆಯದು. ಅದಕ್ಕೆ ಬೇಕಾದ ಭೌತವಿಜ್ಞಾನ ಪದವಿಪೂರ್ವ ತರಗತಿಯ ಮಟ್ಟವನ್ನು ಹೆಚ್ಚೇನೂ ಮೀರುವುದಿಲ್ಲ.

ತಂತಿಯೋ, ಅಲೆಯ ದಾರಿಯೋ?

ಮನೆಯ ತಂತಿಗಳಲ್ಲಿ ಹರಿಯುವ ಪರ್ಯಾಯ ವಿದ್ಯುತ್ತಿನ ಆವೃತ್ತಿ 50 ಹರ್ಟ್ಸ್. ಬೆಳಕಿನ ವೇಗವನ್ನು ಇದರಿಂದ ಭಾಗಿಸಿದರೆ ತರಂಗದೂರ 6000 ಕಿಲೋಮೀಟರ್ ಎಂದಾಗುತ್ತದೆ. ಇದರ ಮುಂದೆ ಮನೆಯ ತಂತಿಯ ಉದ್ದ ಏನೇನೂ ಅಲ್ಲ. ಸ್ವಿಚ್ಚಿನಿಂದ ದೀಪದವರೆಗೆ ತಂತಿಯ ಉದ್ದಕ್ಕೂ ಯಾವ ಕ್ಷಣದಲ್ಲಾದರೂ ಸ್ಥಿತಿ ಒಂದೇ ಎಂದು ಭಾವಿಸಬಹುದು. ಅಲ್ಲಿ ನಾವು ನೋಡಬೇಕಾದದ್ದು ತಂತಿಯ ರೋಧವನ್ನು ಮಾತ್ರ.

ವಿಡಿಯೋ ಸಂಕೇತದ ಸ್ಥಿತಿ ಬೇರೆ. ಘನ ಪಾಲಿಥೀನ್ ತುಂಬಿದ ಕೇಬಲಿನಲ್ಲಿ ಅಲೆಯ ವೇಗ ಬೆಳಕಿನ ವೇಗದ ಮೂರನೆಯ ಎರಡರಷ್ಟು, ಅಂದರೆ ಒಂದು ನ್ಯಾನೊಸೆಕೆಂಡಿಗೆ 20 ಸೆಂಟಿಮೀಟರ್. ನಮ್ಮ ದೂರದರ್ಶನ ಬಳಸುತ್ತಿದ್ದ ಪಾಲ್ ಪದ್ಧತಿಯಲ್ಲಿ ವಿಡಿಯೋ ಸಂಕೇತದ ಗರಿಷ್ಠ ಆವೃತ್ತಿ 5 ಮೆಗಾಹರ್ಟ್ಸ್. ಆಗ ಕೇಬಲಿನೊಳಗಿನ ತರಂಗದೂರ 40 ಮೀಟರ್. ಆವೃತ್ತಿ 1000 ಮೆಗಾಹರ್ಟ್ಸ್‌ಗೆ ಏರಿದರೆ ತರಂಗದೂರ ಬರೀ 20 ಸೆಂಟಿಮೀಟರ್.

ಇಲ್ಲಿಂದ ಒಂದು ಸರಳ ನಿಯಮ ಸಿಗುತ್ತದೆ. ಕೇಬಲ್ ತರಂಗದೂರಕ್ಕಿಂತ ತುಂಬ ಗಿಡ್ಡವಾಗಿದ್ದರೆ ಅದು ಬರೀ ತಂತಿ. ಬಹುತೇಕ ಯಾವ ತಂತಿಯಾದರೂ ನಡೆಯುತ್ತದೆ. ತರಂಗದೂರಕ್ಕೆ ಹೋಲಿಸುವಷ್ಟು ಉದ್ದವಿದ್ದರೆ ಅದು ಅಲೆ ಸಾಗುವ ದಾರಿ. ಆಗ ಅದರ ಅಳತೆ, ಆಕಾರ, ಒಳಗಿನ ಅವಾಹಕ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

75 ಓಮ್ ಎಲ್ಲಿದೆ?

ಡಿಶ್ ಆಂಟೆನಾದಿಂದ ಮನೆಯೊಳಕ್ಕೆ ಬರುವ ದುಂಡು ಕೇಬಲನ್ನು ಅಡ್ಡಲಾಗಿ ಕತ್ತರಿಸಿ ನೋಡಿ. ನಡುವೆ ಒಂದು ಲೋಹದ ತಂತಿ, ಅದರ ಸುತ್ತ ಬಿಳಿಯ ಅವಾಹಕ, ಅದರ ಮೇಲೆ ಲೋಹದ ಹಾಳೆ ಮತ್ತು ಹೆಣಿಗೆ, ಕೊನೆಗೆ ಪ್ಲಾಸ್ಟಿಕ್ ಕವಚ. ಒಳಗಿನ ಮತ್ತು ಹೊರಗಿನ ವಾಹಕಗಳಿಗೆ ಅಕ್ಷ ಒಂದೇ. ಆದ್ದರಿಂದ ಇದು ಏಕಾಕ್ಷ ಕೇಬಲ್. ಇಂಗ್ಲೆಂಡಿನ ಆಲಿವರ್ ಹೆವಿಸೈಡ್ 1880ರಲ್ಲೇ ಇಂಥ ರಚನೆಗೆ ಪೇಟೆಂಟ್ ಪಡೆದಿದ್ದ. ಅಧಿಕ ಆವೃತ್ತಿಯ ಸಂಕೇತಗಳನ್ನು ಸಾಗಿಸಬಲ್ಲ ಇಂದಿನ ರೂಪಕ್ಕೆ ಅಮೆರಿಕದ ಲಾಯ್ಡ್ ಎಸ್ಪೆನ್‌ಶೀಡ್ ಮತ್ತು ಹರ್ಮನ್ ಆಫೆಲ್ 1929ರಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಿದರು.

ಈ ಕೇಬಲಿಗೆ 75 ಓಮ್ ಎಂದು ಹೇಳುತ್ತಾರೆ. ಆದರೆ ಮಲ್ಟಿಮೀಟರಿನಿಂದ ಒಳತಂತಿಗೂ ಹೊರ ಹೆಣಿಗೆಗೂ ನಡುವೆ ಅಳೆದರೆ ರೋಧ ಅನಂತ ಎಂದು ತೋರಿಸುತ್ತದೆ. ಹಾಗಾದರೆ 75 ಓಮ್ ಎಲ್ಲಿದೆ? ವಿದ್ಯಾರ್ಥಿಗಳು ಈ ಪ್ರಶ್ನೆ ಕೇಳಿದರೆ ಸಂತೋಷಪಡಿ, ಇದು ಒಳ್ಳೆಯ ಪ್ರಶ್ನೆ.

ಇದು ತಂತಿಯ ರೋಧವಲ್ಲ. ಕೇಬಲಿನಲ್ಲಿ ಸಾಗುವ ಅಲೆಯ ವೋಲ್ಟೇಜಿಗೂ ವಿದ್ಯುತ್ ಪ್ರವಾಹಕ್ಕೂ ಇರುವ ನಿಷ್ಪತ್ತಿ. ಇದನ್ನು ವಿಶಿಷ್ಟ ಪ್ರತಿಬಾಧೆ ಎನ್ನುತ್ತಾರೆ. ಕೇಬಲಿನ ಪ್ರತಿ ಮೀಟರಿಗೂ ಒಂದಿಷ್ಟು ಪ್ರೇರಕತೆ ಮತ್ತು ಒಂದಿಷ್ಟು ಧಾರಕತೆ ಇರುತ್ತದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ವರ್ಗಮೂಲ ತೆಗೆದರೆ ಪ್ರತಿಬಾಧೆ ಸಿಗುತ್ತದೆ. ಆರ್‌ಜಿ-59 ಎಂಬ ಕೇಬಲಿನಲ್ಲಿ ಮೀಟರಿಗೆ ಧಾರಕತೆ ಸುಮಾರು 67 ಪೈಕೊಫ್ಯಾರಡ್, ಪ್ರೇರಕತೆ ಸುಮಾರು 0.377 ಮೈಕ್ರೊಹೆನ್ರಿ. ಲೆಕ್ಕ ಮಾಡಿ ನೋಡಿ, 75 ಓಮ್ ಬರುತ್ತದೆ. ಇವೆರಡರ ಗುಣಲಬ್ಧದ ವರ್ಗಮೂಲದಿಂದ 1ನ್ನು ಭಾಗಿಸಿದರೆ ಅಲೆಯ ವೇಗವೂ ಸಿಗುತ್ತದೆ: ಸೆಕೆಂಡಿಗೆ 2 ಲಕ್ಷ ಕಿಲೋಮೀಟರ್. ಕೇಬಲಿನ ಉದ್ದ ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಒಂದು ಮೀಟರ್ ತುಂಡಾದರೂ ನೂರು ಮೀಟರ್ ಸುರುಳಿಯಾದರೂ ಅದು 75 ಓಮ್ ಕೇಬಲೇ.

75ನ್ನೇ ಆರಿಸಿದ್ದೇಕೆ? ಒಳಗೆ ಗಾಳಿಯಷ್ಟೇ ಇರುವ ಏಕಾಕ್ಷ ಕೇಬಲಿನಲ್ಲಿ ಹೊರ ಮತ್ತು ಒಳ ವಾಹಕಗಳ ವ್ಯಾಸಗಳ ನಿಷ್ಪತ್ತಿ ಸುಮಾರು 3.6 ಇದ್ದಾಗ ಸಂಕೇತದ ನಷ್ಟ ಕನಿಷ್ಠವಾಗುತ್ತದೆ. ಆಗ ಪ್ರತಿಬಾಧೆ 77 ಓಮ್. ದುರ್ಬಲ ಸಂಕೇತವನ್ನು ದೂರ ಸಾಗಿಸಬೇಕಾದ ಟಿ.ವಿ.ಗೆ ಅದರ ಆಸುಪಾಸಿನ ಮೌಲ್ಯ ಅನುಕೂಲಕರ.

ಹೊಂದಿಕೆ ತಪ್ಪಿದರೆ ಅಲೆ ಹಿಂದಿರುಗುತ್ತದೆ. ದಪ್ಪ ಹಗ್ಗಕ್ಕೆ ತೆಳು ಹಗ್ಗ ಕಟ್ಟಿ ಅಲೆ ಎಬ್ಬಿಸಿದರೆ ಗಂಟಿನಲ್ಲಿ ಅಲೆಯ ಒಂದು ಭಾಗ ಪ್ರತಿಫಲಿಸುವುದಿಲ್ಲವೇ? ಇದೂ ಹಾಗೆಯೇ. ಹಿಂದೆ ಮಾಳಿಗೆಯ ಆಂಟೆನಾದಿಂದ ಬರುತ್ತಿದ್ದ ಚಪ್ಪಟೆ ಜೋಡಿತಂತಿ ನೆನಪಿರಬಹುದು. ಅದು 300 ಓಮಿನದು. ಅದನ್ನು ಟಿ.ವಿ.ಯ 75 ಓಮಿನ ಕಿಂಡಿಗೆ ನೇರವಾಗಿ ಸಿಕ್ಕಿಸಿದರೆ ಪ್ರತಿಫಲಿತ ವೋಲ್ಟೇಜಿನ ಭಾಗ (300–75) ÷ (300+75) = 0.6. ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಪಾತೀಯವಾದ್ದರಿಂದ ಶೇಕಡ 36ರಷ್ಟು ಶಕ್ತಿ ವಾಪಸು ಹೋಗುತ್ತದೆ. ಆಂಟೆನಾದ ತುದಿಯಲ್ಲೂ ಹೊಂದಿಕೆ ಇಲ್ಲದಿದ್ದರೆ ಅದು ಮತ್ತೆ ತಿರುಗಿ ತಡವಾಗಿ ಟಿ.ವಿ.ಗೆ ಬರುತ್ತದೆ. 30 ಮೀಟರ್ ತಂತಿಯಲ್ಲಿ ಈ ತಡ ಸುಮಾರು ಕಾಲು ಮೈಕ್ರೊಸೆಕೆಂಡ್. 21 ಅಂಗುಲದ ಹಳೆಯ ಟಿ.ವಿ.ಯಲ್ಲಿ ಒಂದು ಗೆರೆ ಎಳೆಯಲು 52 ಮೈಕ್ರೊಸೆಕೆಂಡ್ ಹಿಡಿಯುತ್ತಿತ್ತು. ಹಾಗಾಗಿ ಮೂಲಚಿತ್ರದ ಬಲಕ್ಕೆ 2 ಮಿಲಿಮೀಟರ್ ದೂರದಲ್ಲಿ ಒಂದು ನೆರಳು ಚಿತ್ರ ಕಾಣುತ್ತಿತ್ತು. ಜೋಡಿತಂತಿಗೂ ಟಿ.ವಿ.ಗೂ ನಡುವೆ ಹಾಕುತ್ತಿದ್ದ ಬಾಲನ್ ಎಂಬ ಪುಟ್ಟ ಸಾಧನದ ಕೆಲಸವೇ ಈ ಹೊಂದಿಕೆ.

ಹಳದಿ ಕಿಂಡಿಯ ಮಿತಿ

ಹಳದಿ ಕಿಂಡಿಯದು ಕಾಂಪೋಸಿಟ್ ವಿಡಿಯೋ. ಬೆಳಕಿನ ಏರಿಳಿತ ಮತ್ತು ಬಣ್ಣ ಎರಡೂ ಒಂದೇ ತಂತಿಯಲ್ಲಿ ಬೆರೆತು ಬರುತ್ತವೆ. ಪಾಲ್ ಪದ್ಧತಿಯಲ್ಲಿ ಬಣ್ಣದ ಮಾಹಿತಿ 4.43 ಮೆಗಾಹರ್ಟ್ಸ್ ಆಸುಪಾಸಿನಲ್ಲಿರುತ್ತದೆ. ಚಿತ್ರದ ನವಿರಾದ ವಿವರಗಳ ಜಾಗವೂ ಅದೇ. ಟಿ.ವಿ. ಇವನ್ನು ಪೂರ್ತಿಯಾಗಿ ಬೇರ್ಪಡಿಸಲಾರದು. ವಾರ್ತೆ ಓದುವವರ ಸಣ್ಣ ಗೆರೆಯ ಅಂಗಿಯ ಮೇಲೆ ಇಲ್ಲದ ಕಾಮನಬಿಲ್ಲಿನ ಬಣ್ಣಗಳು ಮಿನುಗುತ್ತಿದ್ದುದು ಇದರಿಂದಲೇ. ಎಷ್ಟು ದುಬಾರಿ ಕೇಬಲ್ ಹಾಕಿದರೂ ಈ ದೋಷ ಹೋಗದು. ಏಕೆಂದರೆ ಬೆರಕೆ ಆದದ್ದು ಕೇಬಲಿಗೆ ಬರುವ ಮೊದಲೇ. ಬೆಳಕು ಮತ್ತು ಬಣ್ಣವನ್ನು ಬೇರೆ ತಂತಿಗಳಲ್ಲಿ ಸಾಗಿಸುವ ಎಸ್-ವಿಡಿಯೋ, ಮೂರು ತಂತಿಗಳಲ್ಲಿ ಹಂಚುವ ಕಾಂಪೊನೆಂಟ್ ವಿಡಿಯೋ ಬಂದದ್ದು ಇದೇ ಕಾರಣಕ್ಕೆ.

ಬಿಳಿ ಅಥವಾ ಕೆಂಪು ಬಣ್ಣದ ಧ್ವನಿ ಕೇಬಲನ್ನೇ ಹಳದಿ ಕಿಂಡಿಗೆ ಬಳಸಬಹುದೇ? ನಮ್ಮ ನಿಯಮವನ್ನು ಹಚ್ಚಿ ನೋಡಿ. ತರಂಗದೂರ 40 ಮೀಟರ್, ಕೇಬಲ್ ಒಂದೂವರೆ ಮೀಟರ್. ಧಾರಾಳವಾಗಿ ಬಳಸಬಹುದು. ಕೇಬಲ್ 10 ಅಥವಾ 15 ಮೀಟರ್ ಆದಾಗ ಮಾತ್ರ 75 ಓಮಿನ ಕೇಬಲ್ ಬೇಕಾಗುತ್ತದೆ.

ಡಿಜಿಟಲ್ ಆದಾಗ ಏನು ಬದಲಾಯಿತು?

ಜೆರಾಕ್ಸ್ ಪ್ರತಿಯಿಂದ ಇನ್ನೊಂದು ಜೆರಾಕ್ಸ್, ಅದರಿಂದ ಮತ್ತೊಂದು ತೆಗೆಯುತ್ತ ಹೋದರೆ ಭಾವಚಿತ್ರ ಪ್ರತಿ ಬಾರಿಯೂ ಸ್ವಲ್ಪ ಮಸುಕಾಗುತ್ತದೆ. ಅನಲಾಗ್ ಸಂಕೇತ ಕೇಬಲಿನಲ್ಲಿ ಹೀಗೆಯೇ ಕೆಡುತ್ತದೆ. ಅದೇ ಹಾಳೆಯಲ್ಲಿ ಅಂಕಪಟ್ಟಿ ಇದೆ ಎನ್ನಿ. ಅಕ್ಷರ ಮಸುಕಾದರೂ 7 ಎಂಬುದು 7 ಎಂದು ಗೊತ್ತಾಗುವವರೆಗೆ ಅಂಕದಲ್ಲಿ ವ್ಯತ್ಯಾಸವಿಲ್ಲ. ಅದನ್ನು ನೋಡಿ ಹೊಸದಾಗಿ ಬರೆದರೆ ಮೂಲದಷ್ಟೇ ಸ್ಪಷ್ಟವಾದ ಪ್ರತಿ ಸಿಗುತ್ತದೆ. ಡಿಜಿಟಲ್ ಸಂಕೇತದ ಗುಟ್ಟು ಇದು. ಟಿ.ವಿ. ತೀರ್ಮಾನಿಸಬೇಕಾದದ್ದು ಇಷ್ಟೇ: ಬಂದದ್ದು 0 ಅಥವಾ 1. ತೀರ್ಮಾನ ಸರಿಯಾದರೆ ಚಿತ್ರ ಪೂರ್ಣ ಸರಿ.

ಆದ್ದರಿಂದ ಎಚ್‌ಡಿಎಂಐ ಕೇಬಲ್ ಚಿತ್ರವನ್ನು ಸ್ವಲ್ಪ ಹೆಚ್ಚು ಶಾರ್ಪ್ ಮಾಡಲಾರದು, ಬಣ್ಣವನ್ನು ಹೆಚ್ಚು ಗಾಢ ಮಾಡಲಾರದು. ಸಾಮರ್ಥ್ಯ ಸಾಕಷ್ಟಿದ್ದರೆ ಅಗ್ಗದ ಕೇಬಲ್ ಮತ್ತು ದುಬಾರಿ ಕೇಬಲ್ ಒಂದೇ ಚಿತ್ರ ಕೊಡುತ್ತವೆ. ಸಾಮರ್ಥ್ಯ ಸಾಲದಾದಾಗ ದೋಷ ಬೇರೆ ರೀತಿಯಲ್ಲಿ ಕಾಣುತ್ತದೆ. ಪರದೆಯ ಮೇಲೆ ಬಿಳಿಯ ಚುಕ್ಕೆಗಳು ಮಿಂಚುತ್ತವೆ, ಚಿತ್ರ ಆಗಾಗ ಮಾಯವಾಗುತ್ತದೆ, ಇಲ್ಲವೇ ಬರುವುದೇ ಇಲ್ಲ. ಮಸುಕು ಎಂಬ ನಡುವಿನ ಸ್ಥಿತಿ ಇಲ್ಲಿಲ್ಲ.

ಎಚ್‌ಡಿಎಂಐನ ಮೊದಲ ನಿರ್ದಿಷ್ಟಮಾನ ಪ್ರಕಟವಾದದ್ದು 2002ರ ಡಿಸೆಂಬರಿನಲ್ಲಿ. ಅದರ 19 ಪಿನ್‌ಗಳಲ್ಲಿ ಮುಖ್ಯವಾದವು ಹೆಣೆದ ನಾಲ್ಕು ಜೋಡಿತಂತಿಗಳು. ಮೂರರಲ್ಲಿ ಚಿತ್ರ ಮತ್ತು ಧ್ವನಿಯ ಮಾಹಿತಿ, ನಾಲ್ಕನೆಯದರಲ್ಲಿ ಕಾಲಸೂಚಕ ಮಿಡಿತ. ಜೋಡಿಯ ಒಂದು ತಂತಿಯಲ್ಲಿ ಸಂಕೇತ, ಇನ್ನೊಂದರಲ್ಲಿ ಅದರ ವಿರುದ್ಧ ಚಿಹ್ನೆಯ ಸಂಕೇತ. ಹೊರಗಿನ ಗದ್ದಲ ಎರಡಕ್ಕೂ ಬಹುತೇಕ ಸಮನಾಗಿ ಸೇರುತ್ತದೆ. ಟಿ.ವಿ. ಒಂದರಿಂದ ಇನ್ನೊಂದನ್ನು ಕಳೆಯುತ್ತದೆ; ಗದ್ದಲ ರದ್ದಾಗಿ ಸಂಕೇತ ಇಮ್ಮಡಿಯಾಗುತ್ತದೆ. ಉಳಿದ ಪಿನ್‌ಗಳಲ್ಲಿ ಪೆಟ್ಟಿಗೆ ಮತ್ತು ಟಿ.ವಿ. ಪರಸ್ಪರ ಮಾತನಾಡುತ್ತವೆ: ನಿನ್ನ ಪರದೆಯಲ್ಲಿ ಎಷ್ಟು ಬಿಂದುಗಳಿವೆ, ನಕಲು ರಕ್ಷಣೆಯ ಕೀಲಿ ಇದೆಯೇ ಎಂಬಂಥ ವಿಚಾರಣೆ. ಕೇಬಲ್ ಸರಿಯಿದ್ದೂ ಚಿತ್ರ ಬಾರದಿದ್ದರೆ ಈ ಸಂಭಾಷಣೆ ತಪ್ಪಿರಬಹುದು. ಎರಡೂ ಸಾಧನಗಳನ್ನು ಆರಿಸಿ ಮತ್ತೆ ಹಚ್ಚಿದರೆ ಅನೇಕ ವೇಳೆ ಸರಿಹೋಗುತ್ತದೆ.

ಎಷ್ಟು ಬಿಟ್‌ಗಳು?

ಈಗ ಮುಖ್ಯ ಲೆಕ್ಕ. ಪೂರ್ಣ ಎಚ್‌ಡಿ ಚಿತ್ರದಲ್ಲಿ 1920 × 1080 ಬಿಂದುಗಳಿವೆ. ಸೆಕೆಂಡಿಗೆ 60 ಚಿತ್ರ, ಬಿಂದುವಿಗೆ 24 ಬಿಟ್ ಎಂದರೆ ಸೆಕೆಂಡಿಗೆ ಸುಮಾರು 3 ಗಿಗಾಬಿಟ್. ಗೆರೆಗಳ ಮತ್ತು ಚಿತ್ರಗಳ ನಡುವಿನ ಬಿಡುವಿನ ಕಾಲವನ್ನು ಸೇರಿಸಿದರೆ ಪ್ರತಿ ಚಿತ್ರ 2200 × 1125 ಬಿಂದುಗಳಿಗೆ ಸಮ. ಜೊತೆಗೆ ಪ್ರತಿ 8 ಬಿಟ್‌ಗಳನ್ನು 10 ಬಿಟ್‌ಗಳಾಗಿ ಪರಿವರ್ತಿಸಿ ಕಳುಹಿಸುತ್ತಾರೆ. ಹೀಗಾಗಿ ಕೇಬಲಿನಲ್ಲಿ ಸಾಗುವುದು 4.455 ಗಿಗಾಬಿಟ್. 4ಕೆ ಟಿ.ವಿ.ಯಲ್ಲಿ ಬಿಂದುಗಳು ನಾಲ್ಕು ಪಟ್ಟು, ಆದ್ದರಿಂದ ಬೇಕಾಗುವುದು 17.82 ಗಿಗಾಬಿಟ್. ಅದೇ 4ಕೆ ಚಿತ್ರಗಳು ಸೆಕೆಂಡಿಗೆ 30 ಮಾತ್ರ ಇದ್ದರೆ 8.91 ಸಾಕು.

ಎಚ್‌ಡಿಎಂಐ ಕೇಬಲ್‌ಗಳ ವರ್ಗೀಕರಣವನ್ನು ಈ ಸಂಖ್ಯೆಗಳ ಪಕ್ಕದಲ್ಲಿಟ್ಟು ನೋಡಿ:

– ಹೈ ಸ್ಪೀಡ್: ಸೆಕೆಂಡಿಗೆ 10.2 ಗಿಗಾಬಿಟ್. ಪೂರ್ಣ ಎಚ್‌ಡಿ ಹಾಗೂ 30 ಚಿತ್ರಗಳ 4ಕೆ.
– ಪ್ರೀಮಿಯಂ ಹೈ ಸ್ಪೀಡ್: 18 ಗಿಗಾಬಿಟ್. 60 ಚಿತ್ರಗಳ 4ಕೆ.
– ಅಲ್ಟ್ರಾ ಹೈ ಸ್ಪೀಡ್: 48 ಗಿಗಾಬಿಟ್. 120 ಚಿತ್ರಗಳ 4ಕೆ, 8ಕೆ ಮತ್ತು ವೇಗದ ವಿಡಿಯೋ ಆಟಗಳು.
– ಅಲ್ಟ್ರಾ96: 96 ಗಿಗಾಬಿಟ್. ಇದು 2025ರಲ್ಲಿ ಬಂದ 2.2 ನಿರ್ದಿಷ್ಟಮಾನದ ಜೊತೆಗಿನದು.

ಡಿಟಿಎಚ್ ಪೆಟ್ಟಿಗೆ ಎಚ್‌ಡಿ ವಾಹಿನಿಯನ್ನು 1080ಐ ರೂಪದಲ್ಲಿ ಕೊಟ್ಟರೆ ಕೇಬಲಿಗೆ ಬೀಳುವ ಹೊರೆ 2.23 ಗಿಗಾಬಿಟ್ ಮಾತ್ರ. ಅದಕ್ಕೆ 48 ಗಿಗಾಬಿಟ್ ಕೇಬಲ್ ಕೊಳ್ಳುವುದು ಒಂದು ಕೊಡ ನೀರಿಗೆ ಟ್ಯಾಂಕರ್ ತರಿಸಿದಂತೆ. ಇನ್ನೊಂದು ಮಾತು. 1.4, 2.0, 2.1 ಎಂಬ ಸಂಖ್ಯೆಗಳು ಸಾಧನಗಳ ನಿರ್ದಿಷ್ಟಮಾನಕ್ಕೆ ಸಂಬಂಧಿಸಿದವು. ಕೇಬಲಿನ ಮೇಲೆ ನೋಡಬೇಕಾದದ್ದು ವರ್ಗದ ಹೆಸರನ್ನು. ಪ್ರೀಮಿಯಂ ಮತ್ತು ಅಲ್ಟ್ರಾ ವರ್ಗದ ಪೊಟ್ಟಣಗಳ ಮೇಲೆ ಮೊಬೈಲ್ ಫೋನಿನಿಂದ ಪರೀಕ್ಷಿಸಬಹುದಾದ ಪ್ರಮಾಣಪತ್ರದ ಚೀಟಿ ಇರುತ್ತದೆ.

ಉದ್ದವೇ ನಿಜವಾದ ಶತ್ರು

18 ಗಿಗಾಬಿಟ್ ಕೇಬಲಿನಲ್ಲಿ ಒಂದೊಂದು ಜೋಡಿಯ ಪಾಲು ಸುಮಾರು 6 ಗಿಗಾಬಿಟ್. ಒಂದು ಬಿಟ್ ಇರುವ ಕಾಲ ಒಂದು ಸೆಕೆಂಡಿನ 600 ಕೋಟಿಯ ಒಂದು ಪಾಲು. ಅಷ್ಟರಲ್ಲಿ ಅಲೆ ಸಾಗುವುದು ಮೂರೂಕಾಲು ಸೆಂಟಿಮೀಟರಿನಷ್ಟು. ಅಂದರೆ 5 ಮೀಟರ್ ಕೇಬಲಿನ ಒಂದು ಜೋಡಿಯಲ್ಲಿ ಯಾವ ಕ್ಷಣದಲ್ಲೂ ಸುಮಾರು 150 ಬಿಟ್‌ಗಳು ಸಾಲಾಗಿ ಸಾಗುತ್ತಿರುತ್ತವೆ. ಇಲ್ಲಿ ಕೇಬಲ್ ಖಂಡಿತವಾಗಿಯೂ ಅಲೆಯ ದಾರಿ.

ಅಧಿಕ ಆವೃತ್ತಿಯಲ್ಲಿ ವಿದ್ಯುತ್ ಪ್ರವಾಹ ತಂತಿಯ ತುಂಬ ಹರಿಯುವುದಿಲ್ಲ, ಮೇಲ್ಮೈಗೆ ಅಂಟಿಕೊಂಡು ಹರಿಯುತ್ತದೆ. ತಾಮ್ರದಲ್ಲಿ ಈ ಪದರದ ಆಳ 50 ಹರ್ಟ್ಸ್‌ನಲ್ಲಿ ಸುಮಾರು 9 ಮಿಲಿಮೀಟರ್, 1000 ಮೆಗಾಹರ್ಟ್ಸ್‌ನಲ್ಲಿ ಕೇವಲ 2 ಮೈಕ್ರೊಮೀಟರ್. ಪ್ರವಾಹದ ದಾರಿ ಕಿರಿದಾದಷ್ಟೂ ರೋಧ ಹೆಚ್ಚು. ಆವೃತ್ತಿ ನಾಲ್ಕು ಪಟ್ಟಾದರೆ ಈ ನಷ್ಟ ಡೆಸಿಬೆಲ್ ಲೆಕ್ಕದಲ್ಲಿ ಇಮ್ಮಡಿಯಾಗುತ್ತದೆ. ಉದ್ದ ಹೆಚ್ಚಿದರೆ ಪರಿಣಾಮ ಇನ್ನೂ ತೀವ್ರ. 5 ಮೀಟರಿಗೆ 10 ಡೆಸಿಬೆಲ್ ನಷ್ಟ ಎಂದಿಟ್ಟುಕೊಳ್ಳಿ. ವೋಲ್ಟೇಜ್ ಸುಮಾರು ಮೂರನೆಯ ಒಂದಕ್ಕೆ ಇಳಿಯುತ್ತದೆ. 10 ಮೀಟರಿಗೆ ಹತ್ತನೆಯ ಒಂದು. 15 ಮೀಟರಿಗೆ ಮೂವತ್ತೆರಡನೆಯ ಒಂದು! ಚೂಪಾದ ಬಿಟ್‌ಗಳ ಅಂಚು ಸವೆದು ಒಂದು ಇನ್ನೊಂದರ ಮೇಲೆ ಹರಡುತ್ತದೆ. 0 ಯಾವುದು, 1 ಯಾವುದು ಎಂದು ಟಿ.ವಿ.ಗೆ ತಿಳಿಯದಾಗುತ್ತದೆ.

ಆದ್ದರಿಂದ ಸಾಮಾನ್ಯ ತಾಮ್ರದ ಕೇಬಲ್ 48 ಗಿಗಾಬಿಟ್‌ಗೆ ಸುಮಾರು 3 ಮೀಟರಿನವರೆಗೆ, 18 ಗಿಗಾಬಿಟ್‌ಗೆ 5 ಮೀಟರಿನ ಆಸುಪಾಸಿನವರೆಗೆ, ಪೂರ್ಣ ಎಚ್‌ಡಿಗೆ 10 ಮೀಟರಿನ ಆಸುಪಾಸಿನವರೆಗೆ ನಂಬಬಹುದಾದದ್ದು. ಉದ್ದ ಹೆಚ್ಚಿದಂತೆ ದಪ್ಪ ತಂತಿ ಬೇಕು. ಉದ್ದನೆಯ ಕೇಬಲಿಗೆ ಹೆಚ್ಚು ಬೆಲೆ ಕೊಡುವುದಕ್ಕೆ ಭೌತವಿಜ್ಞಾನದ ಸಮ್ಮತಿ ಇದೆ. ಗಿಡ್ಡ ಕೇಬಲಿಗೆ ಇಲ್ಲ.

ಡಿಶ್ ಆಂಟೆನಾದ ಕೇಬಲಿಗೂ ಇದೇ ನ್ಯಾಯ. ಉಪಗ್ರಹದಿಂದ ಬರುವ 10 ಗಿಗಾಹರ್ಟ್ಸ್‌ಗೂ ಮೀರಿದ ಸಂಕೇತ ಕೇಬಲಿನಲ್ಲಿ ಬಹುದೂರ ಬಾಳದು. ಅದಕ್ಕಾಗಿ ಡಿಶ್ಶಿನ ಮುಂದಿರುವ ಎಲ್‌ಎನ್‌ಬಿ ಅದನ್ನು 950ರಿಂದ 2150 ಮೆಗಾಹರ್ಟ್ಸ್‌ಗೆ ಇಳಿಸಿ ಕಳುಹಿಸುತ್ತದೆ. ಆಗಲೂ ಆರ್‌ಜಿ-6 ಕೇಬಲಿನಲ್ಲಿ 100 ಮೀಟರಿಗೆ 20ರಿಂದ 30 ಡೆಸಿಬೆಲ್ ನಷ್ಟವಿದೆ. 20 ಮೀಟರ್ ಕೇಬಲಿನಲ್ಲಿ ಮೇಲಿನ ಆವೃತ್ತಿಯ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ತೆಳುವಾದ ಆರ್‌ಜಿ-59 ಇಲ್ಲಿ ಬೇಡ. ಇನ್ನೊಂದು ಸೂಕ್ಷ್ಮ: ಅನೇಕ ಕೇಬಲ್‌ಗಳ ಒಳತಂತಿ ತಾಮ್ರ ಲೇಪಿತ ಉಕ್ಕು. ಸಂಕೇತ ಮೇಲ್ಪದರದಲ್ಲೇ ಹರಿಯುವುದರಿಂದ ಅದಕ್ಕೆ ತೊಂದರೆಯಿಲ್ಲ. ಆದರೆ ಎಲ್‌ಎನ್‌ಬಿಗೆ ಬೇಕಾದ 13 ಅಥವಾ 18 ವೋಲ್ಟಿನ ನೇರ ವಿದ್ಯುತ್ ಇದೇ ತಂತಿಯಲ್ಲಿ, ಇಡೀ ಉಕ್ಕಿನ ಮೂಲಕ ಹೋಗಬೇಕು. ಕೇಬಲ್ ಬಹಳ ಉದ್ದವಿದ್ದರೆ ಪೂರ್ಣ ತಾಮ್ರದ ತಂತಿಯೇ ಮೇಲು.

ಚಿನ್ನದ ಲೇಪ

ಚಿನ್ನ ತಾಮ್ರಕ್ಕಿಂತ ಉತ್ತಮ ವಾಹಕವಲ್ಲ. ತಾಮ್ರದ ರೋಧಶೀಲತೆ 1.68, ಬೆಳ್ಳಿಯದು 1.59, ಚಿನ್ನದ್ದು 2.44 (ಎಲ್ಲವೂ ಓಮ್-ಮೀಟರಿನ ಹತ್ತು ಕೋಟಿಯ ಒಂದು ಭಾಗದ ಲೆಕ್ಕದಲ್ಲಿ). ಚಿನ್ನದ ಗುಣ ಬೇರೆ, ಅದು ಕಿಲುಬು ಹಿಡಿಯುವುದಿಲ್ಲ. ಉಪ್ಪುಗಾಳಿಯ ಕರಾವಳಿಯಲ್ಲಿ, ಪದೇ ಪದೇ ತೆಗೆದು ಹಾಕುವ ಕಡೆ ಲೇಪಕ್ಕೆ ಅರ್ಥವಿದೆ. ಅದು ಸಾಧಾರಣ ಬೆಲೆಯ ಕೇಬಲ್‌ಗಳಲ್ಲೂ ಇರುತ್ತದೆ. ಆಮ್ಲಜನಕರಹಿತ ತಾಮ್ರಕ್ಕೂ ಸಾಮಾನ್ಯ ವಿದ್ಯುತ್ ತಾಮ್ರಕ್ಕೂ ವಾಹಕತೆಯಲ್ಲಿ ಇರುವ ವ್ಯತ್ಯಾಸ ಶೇಕಡ ಒಂದರ ಆಸುಪಾಸು. ಡಿಜಿಟಲ್ ಚಿತ್ರದಲ್ಲಿ ಅದು ಕಾಣುವಂಥದ್ದಲ್ಲ.

ಶಾಲೆಯ 15 ಮೀಟರ್

ಪ್ರೊಜೆಕ್ಟರಿನ ಪ್ರಶ್ನೆಗೆ ಈಗ ಉತ್ತರಿಸಬಹುದು. ಪ್ರೊಜೆಕ್ಟರ್ ಪೂರ್ಣ ಎಚ್‌ಡಿ ಆಗಿದ್ದರೆ ಬೇಕಾದದ್ದು 4.455 ಗಿಗಾಬಿಟ್. ಆದರೆ 15 ಮೀಟರ್ ದೂರ ತಾಮ್ರಕ್ಕೆ ಕಷ್ಟ. ಮೊದಲ ದಾರಿ, ಸಾಧ್ಯವಾದರೆ ಕಂಪ್ಯೂಟರನ್ನೇ ಹತ್ತಿರಕ್ಕೆ ತರುವುದು. ಎರಡನೆಯದು ಬೆಳಕಿನ ಎಳೆಯ ಎಚ್‌ಡಿಎಂಐ ಕೇಬಲ್. ಅದರ ತುದಿಗಳಲ್ಲಿ ವಿದ್ಯುತ್ತನ್ನು ಬೆಳಕಾಗಿ, ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸುವ ಸಾಧನಗಳಿರುತ್ತವೆ. ಗಾಜಿನ ಎಳೆಯಲ್ಲಿ ನಷ್ಟ ಕಿಲೋಮೀಟರಿಗೆ ಸುಮಾರು 3 ಡೆಸಿಬೆಲ್. 15 ಮೀಟರಿಗೆ ಅದು ಲೆಕ್ಕಕ್ಕೇ ಇಲ್ಲ. ಇಂಥ ಕೇಬಲಿಗೆ ದಿಕ್ಕಿದೆ. ಕಂಪ್ಯೂಟರಿನ ತುದಿ ಯಾವುದು, ಪ್ರೊಜೆಕ್ಟರಿನ ತುದಿ ಯಾವುದು ಎಂದು ಅದರ ಮೇಲೆಯೇ ಬರೆದಿರುತ್ತದೆ. ಮೂರನೆಯದು, ಕಂಪ್ಯೂಟರ್ ಜಾಲಕ್ಕೆ ಬಳಸುವ ಕ್ಯಾಟ್-6 ತಂತಿ ಮತ್ತು ಅದರ ಎರಡೂ ತುದಿಗೆ ಎಕ್ಸ್‌ಟೆಂಡರ್ ಪೆಟ್ಟಿಗೆಗಳು.

ಯಾವುದನ್ನೇ ಆರಿಸಿದರೂ ಎರಡು ಎಚ್ಚರಿಕೆಗಳನ್ನು ಮರೆಯಬೇಡಿ. ಕೇಬಲನ್ನು ನೆಲದ ಮೇಲೆ ಹರವಿ ಅರ್ಧ ಗಂಟೆ ಚಿತ್ರ ಓಡಿಸಿ ನೋಡಿದ ಮೇಲೆಯೇ ಗೋಡೆಗೆ ಸೇರಿಸಿ. ಬರೀ ಗಾರೆಯಲ್ಲಿ ಹುದುಗಿಸದೆ, ಕೇಬಲಿನ ತುದಿಯ ಪ್ಲಗ್ ನುಸುಳುವಷ್ಟು ಅಗಲದ ಪಿವಿಸಿ ಕೊಳವೆಯೊಳಗೆ ಎಳೆಯಿರಿ. ನಾಳೆ ಕೇಬಲ್ ಬದಲಿಸಬೇಕಾದಾಗ ಗೋಡೆ ಒಡೆಯುವ ಪ್ರಮೇಯ ಬರದು.

ತರಗತಿಯಲ್ಲಿ ಮಾಡಿ ನೋಡಿ

ಬಿಸಾಡಿದ ಆರ್‌ಜಿ-59 ಕೇಬಲಿನ ಒಂದು ತುಂಡು ಸಾಕು. ಒಳತಂತಿಯ ವ್ಯಾಸವನ್ನು ಸ್ಕ್ರೂ ಗೇಜಿನಿಂದ, ಬಿಳಿ ಅವಾಹಕದ ಹೊರವ್ಯಾಸವನ್ನು ವರ್ನಿಯರ್ ಕ್ಯಾಲಿಪರ್ಸಿನಿಂದ ಅಳೆಯಿರಿ. ಸುಮಾರು 0.58 ಮತ್ತು 3.7 ಮಿಲಿಮೀಟರ್ ಬರಬಹುದು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ, ನೈಸರ್ಗಿಕ ಲಾಗರಿತಮ್ ತೆಗೆದು, 60ರಿಂದ ಗುಣಿಸಿ. ಬಂದದ್ದನ್ನು ಅವಾಹಕದ ಡೈಎಲೆಕ್ಟ್ರಿಕ್ ಸ್ಥಿರಾಂಕದ ವರ್ಗಮೂಲದಿಂದ ಭಾಗಿಸಿ. ಘನ ಪಾಲಿಥೀನಿಗೆ ಸ್ಥಿರಾಂಕ 2.25, ವರ್ಗಮೂಲ 1.5. ಉತ್ತರ 74 ಓಮ್. ಮಲ್ಟಿಮೀಟರ್ ತೋರಿಸಲಾರದ ಸಂಖ್ಯೆಯನ್ನು ವಿದ್ಯಾರ್ಥಿಗಳು ಎರಡು ವ್ಯಾಸಗಳಿಂದ ತಾವೇ ಕಂಡುಹಿಡಿದಂತಾಗುತ್ತದೆ.

ಮುಂದೆ ಅವರು ಅಂಗಡಿಯಲ್ಲಿ ಕೇಬಲ್ ಕೇಳುವಾಗ ಪೊಟ್ಟಣದ ಮೇಲಿನ ವಿಶೇಷಣಗಳನ್ನು ಓದುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ಯಾವ ಸಂಕೇತ? ಸೆಕೆಂಡಿಗೆ ಎಷ್ಟು ಬಿಟ್? ಎಷ್ಟು ದೂರ? ಈ ಮೂರಕ್ಕೆ ಸಾಕಾಗುವ ಕೇಬಲ್‌ಗಳಲ್ಲಿ ಅತ್ಯಂತ ಅಗ್ಗವಾದದ್ದೇ ಸರಿಯಾದ ಕೇಬಲ್.